ವಿಜ್ಞಾನ ಬಂತು, ದೇವರು ಹೋದನೇ?

"ವಿಜ್ಞಾನ ಇಷ್ಟು ಮುಂದುವರೆದ ಮೇಲೂ ಕ್ರೈಸ್ತರು ಸೃಷ್ಟಿಕರ್ತನನ್ನು ನಂಬುತ್ತಾರಲ್ಲ!" ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹಿಂದೆಯೇ ಬಿಗ್ ಬ್ಯಾಂಗ್ ಹೆಸರೂ ಬರುತ್ತದೆ. ತಮಾಷೆ ನೋಡಿ, ಆ ಸಿದ್ಧಾಂತಕ್ಕೆ ಬೀಜ ಹಾಕಿದವರಲ್ಲೊಬ್ಬ ಕ್ಯಾಥೊಲಿಕ್ ಪಾದ್ರಿ! ಬೆಲ್ಜಿಯಂನ ಜಾರ್ಜ್ ಲೆಮೈತ್ರ್. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದ. ಎಲ್ಲವೂ ಒಂದು 'ಆದಿಮ ಪರಮಾಣು'ವಿನಿಂದ ಶುರುವಾಯಿತು ಎಂದು 1931ರಲ್ಲಿ ಹೇಳಿದ.

"ಹಾಗಾದ್ರೆ ದೇವರಿದ್ದಾನೆ ಅಂತ ಸಾಬೀತಾಯ್ತು!" ಎಂದು ಕುಣಿಯಬೇಡಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಸುಮಾರು ಅದೇ ಧಾಟಿಯಲ್ಲಿ ಮಾತಾಡಿದಾಗ ಲೆಮೈತ್ರ್‌ಗೇ ಹಿಡಿಸಲಿಲ್ಲ. ತನ್ನ ಸಿದ್ಧಾಂತವನ್ನು ಆಸ್ತಿಕನೂ ಒಪ್ಪಬಹುದು, ನಾಸ್ತಿಕನೂ ಒಪ್ಪಬಹುದು ಎಂಬುದು ಆತನ ನಿಲುವು.

ನನಗನ್ನಿಸುವುದಿಷ್ಟು... ವಿಶ್ವ ಹೇಗೆ ಬೆಳೆಯಿತು ಅನ್ನೋದು ಒಂದು ಪ್ರಶ್ನೆ. ಏನೂ ಇಲ್ಲದಿರುವ ಬದಲು ಇಷ್ಟೆಲ್ಲ ಏಕಿದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದು ಮುಗಿದುಹೋಗುವುದಿಲ್ಲ.

ಕ್ರೈಸ್ತರಿಗೆ ಕಷ್ಟದ ಪ್ರಶ್ನೆ ಬೇರೆ ಇದೆ: ದೇವರು ಪ್ರೀತಿಯೇ ಆಗಿದ್ದರೆ ಹಸುಗೂಸು ನರಳುವುದೇಕೆ? ಶಿಲುಬೆಯ ಮೇಲೆ ದೇವರೇ ನೋವುಂಡ ಎಂಬುದು ಅವರ ಉತ್ತರ. ಅದರಿಂದ ನೋವಿನ ಕಾರಣ ತಿಳಿಯದು. ನರಳುವವನಿಗೆ ತಾನು ಒಂಟಿಯಲ್ಲ ಎಂಬ ಧೈರ್ಯ ಸಿಗಬಹುದು. ಅಷ್ಟು ಸಾಕೇ? ವಾದ ಮಾಡುವುದಿದ್ದರೆ ಇಲ್ಲಿ ಮಾಡೋಣ. ಏನಂತೀರಿ?