ಧರ್ಮದ ಕಾಲಂ ಮತ್ತು ಮನೆಯ ಪಂಚಾಂಗ



2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗಿನಿಂದ ನಮ್ಮ ಸಮಾಜದಲ್ಲಿ ಒಂದೇ ಮಾತು: ಧರ್ಮದ ಕಾಲಮ್ಮಿನಲ್ಲಿ ಏನು ಬರೆಸಬೇಕು? ಲಿಂಗಾಯತ ಎಂದೇ ಬರೆಸಿ ಎಂದು ಒಂದು ಸಭೆ, ವೀರಶೈವ ಲಿಂಗಾಯತ ಎಂದು ಇನ್ನೊಂದು ಸಭೆ, ಹಿಂದೂ ಎನ್ನದಿದ್ದರೆ ದೇಶವೇ ಒಡೆದೀತು ಎಂದು ಕೆಲವು ನಾಯಕರು. 2027ರ ಫೆಬ್ರುವರಿಯ ಜನಗಣತಿಯಲ್ಲಿ ಕೇಂದ್ರ ಸರ್ಕಾರವೂ ಧರ್ಮದ ಜೊತೆ ಜಾತಿ ಕೇಳಲಿದೆ. ಹಾಗಾಗಿ ಮತ್ತೆ ಕರಪತ್ರ, ಮತ್ತೆ ಸಮಾವೇಶ, ಮತ್ತೆ ಮೊಬೈಲಿನಲ್ಲಿ ಬೈದಾಟ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಲಿಂಗಾಯತ ಸ್ವತಂತ್ರ ಧರ್ಮ, ನಮ್ಮ ಮನೆಯಲ್ಲಿ ಹಾಗೆಯೇ ಬರೆಸಿದ್ದೇವೆ. 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಸಮಿತಿಯ ವರದಿಯ ಆಧಾರದ ಮೇಲೆ ರಾಜ್ಯ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ‘1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ವೀರಶೈವ, ಲಿಂಗಾಯತ ಎಂದು ನಿಮ್ಮ ಹೆಸರಿದೆಯಲ್ಲ’ ಎಂದು ವಾದಿಸುವವರಿದ್ದಾರೆ. ಇದೆ. ಅದೇ ಸೆಕ್ಷನ್ನಿನ ಮುಂದಿನ ಸಾಲಿನಲ್ಲಿ ಬೌದ್ಧ, ಜೈನ, ಸಿಖ್ಖರ ಹೆಸರೂ ಇದೆ. ನಮ್ಮನ್ನು ಹಿಂದೂಗಳ ಸಾಲಿನಲ್ಲಿಟ್ಟು ಅವರನ್ನು ಬೇರೆ ಸಾಲಿನಲ್ಲಿಟ್ಟಿದ್ದಾರೆ ಎಂಬುದು ನಿಜ. ಆದರೆ ಮದುವೆ, ಆಸ್ತಿಗಾಗಿ ಮಾಡಿದ ಕಾಯ್ದೆಯ ವ್ಯಾಖ್ಯೆ ಧರ್ಮದ ತೀರ್ಪಾಗುವುದಿಲ್ಲ. ಅದೇ ಕಾಯ್ದೆಗೆ ಒಳಪಟ್ಟ ಜೈನರಿಗೆ 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು. ಆದ್ದರಿಂದ ಕಾನೂನಿನ ವಾದಕ್ಕೆ ನಾನು ಹೆದರುವುದಿಲ್ಲ.

ನನಗೆ ಹೆದರಿಕೆ ಇರುವುದು ನಮ್ಮವರ ಮನೆಯ ಗೋಡೆಗೆ ತೂಗುಬಿಟ್ಟ ಪಂಚಾಂಗದ ಬಗ್ಗೆ.

ಸಮೀಕ್ಷೆಗೆ ಬಂದ ಶಿಕ್ಷಕಿ ನಮ್ಮ ಜಗುಲಿಯ ಮೇಲೆ ಕುಳಿತು ಅರವತ್ತು ಪ್ರಶ್ನೆಗಳನ್ನು ಮೊಬೈಲಿನಲ್ಲಿ ತುಂಬುತ್ತಿದ್ದರು. ಆ್ಯಪ್ ನಡುನಡುವೆ ನಿಂತುಹೋಗುತ್ತಿತ್ತು, ಪಾಪ. (ಮೀಟರ್ ನಂಬರಿನ ಮೇಲೆ ಮನೆ ಗುರುತಿಸಿ ಸ್ಟಿಕರ್ ಅಂಟಿಸಿದ್ದು ಮಾತ್ರ ಒಳ್ಳೆಯ ಯೋಜನೆ.) ಅಷ್ಟರಲ್ಲಿ ನಮ್ಮ ಬಂಧುವೊಬ್ಬರು ಬಂದರು. ಸ್ವತಂತ್ರ ಧರ್ಮದ ಹೋರಾಟದಲ್ಲಿ ಮೊದಲಿನಿಂದ ಇದ್ದವರು. ‘ಲಿಂಗಾಯತ ಅಂತನೇ ಹಾಕ್ರಿ, ಕೊಂಬು ದೀರ್ಘ ತಪ್ಪಬಾರದು’ ಎಂದು ಆ ತಾಯಿಗೆ ಅರ್ಧ ತಾಸು ಪಾಠ ಹೇಳಿದರು. ಚಹಾ ತಂದ ನಮ್ಮ ಮನೆಯಾಕೆ ಕೇಳಿದಳು: ‘ಅಣ್ಣಾರ, ನಿಮ್ಮ ಮನ್ಯಾಗ ಸೊಸಿ ತಿಂಗಳಿಗೆ ಮೂರು ದಿನ ಹಿತ್ತಲದಾಗ ಕುಂಡ್ರತಾಳಲ್ಲ, ಅದು ಯಾವ ಕಾಲಮ್ಮಿನ್ಯಾಗ ಬರತೈತಿ?’ ಅವರು ಚಹಾ ಪೂರ್ತಿ ಕುಡಿಯಲಿಲ್ಲ.

ಮಾತು ಖಾರವಾಯಿತು ಎಂದು ಯಾರಾದರೂ ಅಂದಾರು. ನನಗೆ ಹಾಗನ್ನಿಸಲಿಲ್ಲ. ಶರಣರು ನಮಗೆ ಕೊಟ್ಟ ಅಳತೆಪಟ್ಟಿ ಬಹಳ ಸರಳ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ, ಈ ಐದೂ ಸೂತಕ ಇಷ್ಟಲಿಂಗ ಧರಿಸಿದವರಿಗಿಲ್ಲ. ಧರ್ಮ ಬೇರೆಯೋ ಅಲ್ಲವೋ ಎಂದು ನೋಡಲು ಇದಕ್ಕಿಂತ ದೊಡ್ಡ ಸಮಿತಿ ಬೇಕಿಲ್ಲ. ಈಗ ನಮ್ಮ ಮನೆಗಳನ್ನು ನೋಡಿ. ಕೂಸು ಹುಟ್ಟಿದರೆ ಹನ್ನೊಂದು ದಿನ ಜಗಲಿಯ ಪೂಜೆ ಬಂದ್. ಸತ್ತವರನ್ನು ಸಮಾಧಿ ಮಾಡುತ್ತೇವೆ, ಲಿಂಗೈಕ್ಯರಾದರು ಎಂದು ಪತ್ರಿಕೆಗೆ ಕೊಡುತ್ತೇವೆ, ಆಮೇಲೆ ಅವರು ಸತ್ತ ನಕ್ಷತ್ರ ಸರಿಯಿಲ್ಲವೆಂದು ಯಾರೋ ಹೇಳಿದರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬೇರೆಡೆ ಇರುತ್ತೇವೆ. ಲಿಂಗದಲ್ಲಿ ಐಕ್ಯರಾದವರಿಗೆ ಯಾವ ನಕ್ಷತ್ರ? ಇಷ್ಟಲಿಂಗ ಎಲ್ಲಿದೆ ಎಂದು ಹುಡುಗರನ್ನು ಕೇಳಿದರೆ ತಿಜೋರಿಯಲ್ಲಿ, ಅಜ್ಜಿಯ ಬಂಗಾರದ ಜೊತೆ.

ವಾಸ್ತುವಿನ ವಿಷಯ ನನಗೆ ಇನ್ನೂ ಹತ್ತಿರದ್ದು. ಕೆಲಸದ ಕಾಲವೆಲ್ಲ ಕೆರೆ, ಕಾಲುವೆ, ಸರ್ಕಾರಿ ಕಟ್ಟಡ ಎಂದು ಅಲೆದವನು. ನಿವೃತ್ತಿಯಾದ ಮೇಲೆ ಜನ ಮನೆಯ ನಕ್ಷೆ ಹಿಡಿದು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ನಮ್ಮವರೇ, ವಚನ ಬಲ್ಲವರೇ. ಗಾಳಿ ಎಲ್ಲಿಂದ ಬರುತ್ತದೆ, ಮಣ್ಣು ಯಾವುದು, ಮಳೆನೀರು ಎತ್ತ ಹರಿಯುತ್ತದೆ ಎಂದು ಕೇಳುವವರು ಅಪರೂಪ. ಒಬ್ಬರಂತೂ ಮಗನಿಗೆ ಕೆಲಸ ಸಿಗಲಿಲ್ಲವೆಂದು ಬಾಗಿಲು ಬದಲಿಸಲು ಹೋಗಿ ಭಾರ ಹೊತ್ತ ಇಟ್ಟಿಗೆ ಗೋಡೆಯನ್ನೇ ಒಡೆಸಿದರು. ಕಾಲಂ ಇಲ್ಲದ ಹಳೆಯ ಮನೆ, ಮೇಲಿನ ಸ್ಲ್ಯಾಬು ಬಿರುಕು ಬಿಟ್ಟಿತು. ಕೂಡಲೇ ಕೆಳಗೆ ಪ್ರಾಪ್ ಕೊಡಿ, ಲಿಂಟಲ್ ಹಾಕಿಸಿ ಎಂದರೆ, ಪ್ರಾಪ್ ಕೊಡಲು ಯಾವ ದಿನ ಒಳ್ಳೆಯದು ಎಂದು ಕೇಳಿದರು! ಈಶಾನ್ಯದಲ್ಲಿ ನೀರಿರಬೇಕೆಂದು ಅವರು ಬೋರ್ ಹಾಕಿಸಿದ್ದು ನೆರೆಮನೆಯ ಇಂಗುಗುಂಡಿಯ ಮಗ್ಗುಲಲ್ಲಿ, ಅದೂ ಗುಂಡಿಗಿಂತ ತಗ್ಗಿನಲ್ಲಿ. ಆ ನೀರು ಕುಡಿಯಲು ಬರುವುದಿಲ್ಲ. ಅವರ ಪಡಸಾಲೆಯಲ್ಲಿ ಆಳೆತ್ತರದ ಬಸವಣ್ಣನವರ ಭಾವಚಿತ್ರವಿದೆ, ಅದನ್ನೂ ದಿಕ್ಕು ಕೇಳಿಯೇ ತೂಗುಹಾಕಿದ್ದಾರೆ.

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು, ಕಚೇರಿಗಳಲ್ಲಿ ಭಾವಚಿತ್ರ ಬಂತು. ಸಂತೋಷ. ಆದರೆ ಭಾವಚಿತ್ರದ ಕೆಳಗೆ ಕುಳಿತು ಕಡತಕ್ಕೆ ಕಾಸು ಕೇಳುವವನಿಗೂ, ಭಾವಚಿತ್ರದ ಕೆಳಗೆ ಸತ್ಯನಾರಾಯಣ ಪೂಜೆ ಮಾಡಿಸುವ ನಮಗೂ ಏನು ವ್ಯತ್ಯಾಸ?

ಉಪನಯನದ ಹೊತ್ತಿಗೆ ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಾಲಕ ಬಸವ ಮನೆ ಬಿಟ್ಟ ಕಥೆಯನ್ನು ಪ್ರತಿ ಬಸವ ಜಯಂತಿಯಲ್ಲಿ ಹೇಳುತ್ತೇವೆ. ಆ ಭಾಷಣ ಮಾಡಿದವರೇ ವಾರದೊಳಗೆ ಅಕ್ಕತಂಗಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಉಪನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರ ತಿದ್ದುಪಡಿ ಹೇಳಿತು. ಪಾರ್ಲಿಮೆಂಟು ಕೊಟ್ಟಿದ್ದನ್ನು ಒಂದು ಸೀರೆ ಕೊಟ್ಟು ವಾಪಸು ಪಡೆಯುತ್ತಿದ್ದೇವೆ.

ಇನ್ನು ಒಳಪಂಗಡ. ಸೋಮವಾರ ಸ್ವತಂತ್ರ ಧರ್ಮ ಕೇಳುತ್ತೇವೆ, ಮಂಗಳವಾರ ಪಂಚಮಸಾಲಿ, ಬಣಜಿಗ, ಗಾಣಿಗ, ಸಾದರ, ನೊಣಬ, ಜಂಗಮ ಎಂದು ಬೇರೆ ಬೇರೆ ವೇದಿಕೆ ಹತ್ತುತ್ತೇವೆ. ಮೀಸಲಾತಿ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. 3ಬಿಯಲ್ಲಿ ಇದ್ದದ್ದು ಶೇ. 5, 2ಎಯಲ್ಲಿ ಶೇ. 15; ಎರಡೆಕರೆ ಒಣಬೇಸಾಯದ ರೈತನ ಮಗ ಹೆಚ್ಚಿನ ಅವಕಾಶ ಎಲ್ಲಿದೆ ಎಂದು ನೋಡುವುದು ಸಹಜ. ಅದು ಹೊಟ್ಟೆಯ ಪ್ರಶ್ನೆ, ಅಂಕಿಅಂಶ ಇಟ್ಟು ಸರ್ಕಾರದ ಮುಂದೆ ವಾದಿಸಲಿ. ಆದರೆ ಆ ಪಟ್ಟಿ ನೇರ ಅಡುಗೆಮನೆಗೆ ಬಂದು ಮಗಳ ಮದುವೆ ನಿರ್ಧರಿಸುತ್ತದಲ್ಲ, ಅದಕ್ಕೆ ಯಾವ ಹೊಟ್ಟೆ ಕಾರಣ? ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗಾಗಿ ಆ ತಂದೆಯರಿಬ್ಬರೂ ಎಳೆಹೂಟೆಗೆ ಬಲಿಯಾದರು. ಅವರ ಹೆಸರು ಹೇಳುವ ನಾವು, ಇಬ್ಬರ ಕೊರಳಲ್ಲೂ ಲಿಂಗವಿದ್ದರೂ, ಪಂಗಡ ಬೇರೆ ಎಂದು ಸಂಬಂಧ ಮುರಿಯುತ್ತೇವೆ. ಪಕ್ಷಗಳು ಟಿಕೆಟ್ ಹಂಚುವಾಗ ನಮ್ಮನ್ನು ಪಂಗಡದ ಲೆಕ್ಕದಲ್ಲಿ ಒಡೆಯುತ್ತವೆ ಎಂದು ದೂರುತ್ತೇವೆ. ಲೆಕ್ಕ ಬರೆದುಕೊಟ್ಟವರು ಯಾರು? ಮದುವೆ ದಲ್ಲಾಳಿಯ ವಹಿ ನೋಡಿದರೆ ಸಾಕು, ಪಕ್ಷದವರಿಗೆ ಬೇರೆ ಸಮೀಕ್ಷೆ ಬೇಡ.

‘ಮನೆ ವಿಷಯ ಮನೆಯಲ್ಲಿರಲಿ, ಹೋರಾಟದ ಹೊತ್ತಿನಲ್ಲಿ ಒಗ್ಗಟ್ಟು ಮುರಿಯಬೇಡಿ’ ಎಂದು ಹಿರಿಯರು ಹೇಳುತ್ತಾರೆ. ಈ ಧರ್ಮದ ಚರಿತ್ರೆಯಲ್ಲಿ ಮನೆ ಯಾವಾಗ ಬೇರೆಯಾಗಿತ್ತು? ವಚನ ಅಚ್ಚು ಹಾಕಿಸಲು ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಇದ್ದ ಮನೆಯನ್ನೇ ಮಾರಿ ಮುದ್ರಣಾಲಯ ಮಾಡಿದರು. ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಕೊಂದದ್ದು ಧಾರವಾಡದ ಅವರ ಮನೆಯ ಬಾಗಿಲಲ್ಲಿ. ನಮ್ಮಿಂದ ಯಾರೂ ಮನೆ ಮಾರಲು ಕೇಳುತ್ತಿಲ್ಲ. ಗೋಡೆಯ ಪಂಚಾಂಗ ಇಳಿಸಿರಿ, ಸೊಸೆಯನ್ನು ಒಳಗೆ ಕರೆಯಿರಿ ಎಂದರೆ ಒಗ್ಗಟ್ಟು ಮುರಿಯುವುದಾದರೆ, ಆ ಒಗ್ಗಟ್ಟು ಯಾವ ಸಿಮೆಂಟಿನದು?

ಪೂಜ್ಯರ ಕ್ಷಮೆ ಕೋರಿ ಒಂದು ಮಾತು. ಮಠಗಳು ನಡೆಸುವ ಸಾಮೂಹಿಕ ವಿವಾಹಗಳಿಂದ ಎಷ್ಟೋ ಬಡ ಮನೆಗಳು ಸಾಲದಿಂದ ಉಳಿದಿವೆ, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ವಧು-ವರರ ಸಮಾವೇಶದ ಅರ್ಜಿಗಳಲ್ಲಿ ಹೆಸರು, ವಿದ್ಯೆ, ಉದ್ಯೋಗದ ಜೊತೆಗೆ ಒಳಪಂಗಡ, ನಕ್ಷತ್ರ, ರಾಶಿ ಎಂಬ ಮೂರು ಕಾಲಂಗಳು ಇರುವುದನ್ನೂ ಕಂಡಿದ್ದೇನೆ. ದೆಹಲಿಯ ಕಾಲಂ ನಮ್ಮ ಕೈಯಲ್ಲಿಲ್ಲ. ಈ ಮೂರು ನಮ್ಮ ಕೈಯಲ್ಲಿವೆ. 2027ರ ಫೆಬ್ರುವರಿಗೆ ಮುಂಚೆ ನಿಮ್ಮ ಊರಿನ ಮಠದಲ್ಲಿ ಇಂಥ ಅರ್ಜಿ ಅಚ್ಚಾದರೆ, ಪ್ರೆಸ್ಸಿಗೆ ಹೋಗುವ ಮೊದಲೇ ಅವನ್ನು ತೆಗೆಸಿರೆಂದು ಪೂಜ್ಯರನ್ನು ಭಿನ್ನವಿಸಿಕೊಳ್ಳಿ. ಆಗಲೇ ಅಚ್ಚಾಗಿ ಬಂದಿದ್ದರೆ, ಪೆನ್ನಿನಿಂದ ಗೀಟು ಹೊಡೆದು ತುಂಬಿಕೊಡಿ.