ಋಣ ಚಿಹ್ನೆಗೊಂದು ಆವರಣ

ಕಬ್ಬಿಣದ ವ್ಯವಹಾರದಲ್ಲಿರುವ ನಮ್ಮ ಸದಸ್ಯರಿಗೆಲ್ಲ ಒಂದು ಸೂತ್ರ ಬಾಯಿಪಾಠವಾಗಿರುತ್ತದೆ. ದುಂಡನೆಯ ಉಕ್ಕಿನ ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ದೊರೆಯುತ್ತದೆ. ಕೊಳವೆಯಾದರೆ ಹೊರವ್ಯಾಸದ ತೂಕದಿಂದ ಒಳವ್ಯಾಸದ ತೂಕವನ್ನು ಕಳೆಯಬೇಕು.

ನಮ್ಮ ಕಚೇರಿಯಲ್ಲಿ ಲೆಕ್ಕ ತಪಾಸಣೆ ಮಾಡಿಸುವ ಸಣ್ಣ ಉದ್ಯಮಿಯೊಬ್ಬರು ಈ ಕೆಲಸವನ್ನು ಎಕ್ಸೆಲ್‌ಗೆ ವಹಿಸಿದ್ದರು. ಹೊರವ್ಯಾಸ 50, ಒಳವ್ಯಾಸ 30. ಒಂದು ಕಲಂನಲ್ಲಿ ಹೊರವ್ಯಾಸದ ತೂಕ; ಮುಂದಿನದರಲ್ಲಿ ‘ಕಳೆಯತಕ್ಕದ್ದು’ ಎಂಬ ಶೀರ್ಷಿಕೆಯಡಿ =-ಬಿ2^2/162; ಕೊನೆಗೆ ಎರಡರ ಮೊತ್ತ. ಬರಬೇಕಾಗಿದ್ದುದು 9.88 ಕಿಲೋ, ಬಂದದ್ದು 20.99. ಆ ತೂಕಕ್ಕೆ ದರ ಕಟ್ಟಿ ಕೊಟೇಶನ್ ಕಳುಹಿಸಿದರು. ಆರ್ಡರು ಬೇರೆಯವರ ಪಾಲಾಯಿತು.

ಶಾಲೆಯ ಗಣಿತದಲ್ಲಿ ಮೊದಲು 30ರ ವರ್ಗ, ಋಣ ಚಿಹ್ನೆ ಆನಂತರ, ಉತ್ತರ -900. ಎಕ್ಸೆಲ್ ಆದರೋ ಸೂತ್ರದ ಆರಂಭದಲ್ಲಿರುವ ಋಣ ಚಿಹ್ನೆಯನ್ನು ಸಂಖ್ಯೆಗೇ ಅಂಟಿಸಿಕೊಂಡು ಬಳಿಕ ವರ್ಗ ಮಾಡುತ್ತದೆ, ಉತ್ತರ 900. ಕಳೆಯಬೇಕಾದದ್ದು ಹೀಗೆ ಕೂಡಿಕೊಂಡಿತು. ಅದೇ ಚಿಹ್ನೆ ಎರಡು ಸಂಖ್ಯೆಗಳ ನಡುವೆ ಬಂದರೆ, ಅಂದರೆ =ಎ2^2-ಬಿ2^2 ಎಂದು ಬರೆದರೆ, ಉತ್ತರ ಸರಿಯಾಗಿಯೇ ಇರುತ್ತದೆ. ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್‌ಗಳದೂ ಇದೇ ಕ್ರಮ. ಆದರೆ ಎಕ್ಸೆಲ್‌ನ ಒಳಗೇ ಇರುವ ಮ್ಯಾಕ್ರೋ ಭಾಷೆ ವಿ.ಬಿ.ಎ. -900 ಎನ್ನುತ್ತದೆ. ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ!

ಆದರೂ ತಂತ್ರಾಂಶವನ್ನು ದೂರಲು ನಾನು ಸಿದ್ಧನಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ಈ ಕ್ರಮವನ್ನು ತನ್ನ ಸಹಾಯ ಪುಟಗಳಲ್ಲಿ ಸ್ಪಷ್ಟವಾಗಿ ನಮೂದಿಸಿದೆ. ಈಗ ಅದನ್ನು ತಿದ್ದಹೊರಟರೆ ಹಳೆಯ ಕಡತಗಳ ಉತ್ತರಗಳು ಸದ್ದಿಲ್ಲದೆ ಬದಲಾದಾವು; ಅದು ಇನ್ನೂ ದೊಡ್ಡ ಅನರ್ಥ. ನನ್ನ ಆಕ್ಷೇಪವಿರುವುದು ನಮ್ಮ ರೂಢಿಯ ಬಗ್ಗೆ. ಗುಮಾಸ್ತರು ಕೈಯಲ್ಲಿ ಕೂಡಿದ ಮೊತ್ತವನ್ನು ಮತ್ತೊಬ್ಬರು ತಾಳೆ ನೋಡದೆ ಸಹಿ ಮಾಡುತ್ತಿರಲಿಲ್ಲ. ಪರದೆಯ ಮೇಲೆ ಮೂಡಿದ ಅಂಕಿಯನ್ನು ಯಾರೂ ಸಂಶಯಿಸುವುದಿಲ್ಲ. (ಆ ಹಾಳೆ ನನ್ನ ಕಣ್ಣೆದುರೂ ಒಮ್ಮೆ ಹಾದುಹೋಗಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು.)

ಪರಿಹಾರವೇನೋ ಸುಲಭ: =-(ಬಿ2^2)/162 ಎಂದು ಆವರಣ ಹಾಕಿದರಾಯಿತು. ಅದಕ್ಕಿಂತ ಮುಖ್ಯವಾಗಿ, ಕೊಟೇಶನ್ ಹೊರಡುವ ಮುನ್ನ ಯಾವುದಾದರೊಂದು ಸಾಲನ್ನು ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿ ನೋಡತಕ್ಕದ್ದು. ಆ ಉದ್ಯಮಿಯ ಹಾಳೆಯಲ್ಲಿ ಈಗ ಋಣ ಸಂಖ್ಯೆಗಳು ಕೆಂಪಾಗಿ ಕಾಣುವಂತೆ ಮಾಡಿದ್ದೇವೆ. ‘ಕಳೆಯತಕ್ಕದ್ದು’ ಕಲಂನಲ್ಲಿ ಕಪ್ಪು ಅಂಕಿ ಕಂಡರೆ ಕೊಟೇಶನ್ ಅಲ್ಲಿಗೇ ನಿಲ್ಲುತ್ತದೆ.