ವಿದ್ಯುತ್ ಕಾರು: ಎಂಟನೆಯ ವರ್ಷದ ಲೆಕ್ಕ

ಮಲೆನಾಡಿನ ಹಳ್ಳಿಗಳ ಅಂಗಳದಲ್ಲಿಯೂ ಈಗ ಒಂದೊಂದಾಗಿ ವಿದ್ಯುತ್ ಕಾರುಗಳು ಕಾಣಿಸತೊಡಗಿವೆ. ಅವುಗಳ ಕುರಿತ ಚರ್ಚೆ ಬಹುತೇಕ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ ಸಾಕು. ಈ ಮಾತು ಸುಳ್ಳಲ್ಲ, ಆದರೆ ಪೂರ್ಣ ಲೆಕ್ಕವೂ ಅಲ್ಲ. ಅಡಿಕೆ ತೋಟದ ವೆಚ್ಚವನ್ನು ಈ ವರ್ಷದ ಬೋರ್ಡೋ ಸಿಂಪಡಣೆ ಮತ್ತು ಕೊನೆಕೊಯ್ಲಿನ ಕೂಲಿಯಿಂದಷ್ಟೇ ಅಳೆಯುವ ಕೃಷಿಕನಿಲ್ಲ. ಸಸಿ ನೆಟ್ಟು ಫಸಲಿಗೆ ಕಾದ ವರ್ಷಗಳೂ, ಮುದಿ ಮರ ತೆಗೆದು ಮರುನಾಟಿ ಮಾಡುವ ಖರ್ಚೂ ಆ ಲೆಕ್ಕದಲ್ಲಿ ಸೇರುತ್ತವೆ. ವಿದ್ಯುತ್ ಕಾರಿನ ಮರುನಾಟಿಯೆಂದರೆ ಅದರ ಬ್ಯಾಟರಿ. ಅದನ್ನು ಬಿಟ್ಟು ಹಾಕಿದ ಯಾವ ಲೆಕ್ಕವೂ ಕೊಳ್ಳುವವನಿಗೆ ನೆರವಾಗದು.

ರೇವಾ ಕಲಿಸಿದ ಪಾಠ

ಈ ಅನುಭವ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿಯೇ ತಯಾರಾದ ‘ರೇವಾ’ ಎಂಬ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಲಂಡನ್ನಿನ ರಸ್ತೆಗಳಲ್ಲಿಯೂ ಓಡಿತು. ಅದರ ಆಸನದಡಿ ಇದ್ದದ್ದು 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಮನೆಯ ಇನ್ವರ್ಟರ್ ಬ್ಯಾಟರಿಯಂತೆ ಅವುಗಳಿಗೂ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕಿತ್ತು. ಮೂರ್ನಾಲ್ಕು ವರ್ಷಕ್ಕೊಮ್ಮೆ ಇಡೀ ಬ್ಯಾಟರಿ ಸಾಲನ್ನೇ ಬದಲಿಸಬೇಕಾಗುತ್ತಿತ್ತು. ದಿನದ ಖರ್ಚು ಅಲ್ಪವಾಗಿದ್ದರೂ ಬ್ಯಾಟರಿ ಸೋತ ವರ್ಷ ಒಮ್ಮೆಲೇ ದೊಡ್ಡ ಮೊತ್ತ ಹೊಂದಿಸಬೇಕಾಗುತ್ತಿತ್ತು. 2010ರಲ್ಲಿ ಮಹೀಂದ್ರ ಸಂಸ್ಥೆ ಆ ಕಂಪನಿಯ ಬಹುಪಾಲು ಒಡೆತನ ಪಡೆದು, 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ2ಓ’ ಕಾರನ್ನು ಹೊರತಂದಿತು. ಇಂದು ಆ ಎರಡೂ ಕಾರುಗಳ ತಯಾರಿಕೆ ಇಲ್ಲ.

ಲಿಥಿಯಂ ಬಂದ ಮೇಲೆ ಬ್ಯಾಟರಿಯ ಆಯುಷ್ಯ ಬಹಳ ಹೆಚ್ಚಿತು ಎಂಬುದನ್ನು ಒಪ್ಪಲೇಬೇಕು. ಇಂದಿನ ಹಲವು ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಷ್ಟರವರೆಗೆ ಖಾತರಿ ಇರುತ್ತದೆ. ಬೆಲೆಯೂ ಇಳಿದಿದೆ. 2010ರಲ್ಲಿ ಒಂದು ಯೂನಿಟ್ ವಿದ್ಯುತ್ ಹಿಡಿದಿಡುವ ಲಿಥಿಯಂ ಬ್ಯಾಟರಿಗೆ ಜಾಗತಿಕವಾಗಿ ಸಾವಿರ ಡಾಲರಿಗೂ ಮಿಕ್ಕಿ ಬೆಲೆಯಿತ್ತು. 2024ರ ಹೊತ್ತಿಗೆ ಅದರ ಸರಾಸರಿ ಸುಮಾರು 115 ಡಾಲರಿಗೆ ಬಂದಿತ್ತು. ಆದರೆ ಇದು ಕಾರ್ಖಾನೆಗಳು ಕೊಡುವ ಸಗಟು ಬೆಲೆ. ಒಂಟಿ ಮಾಲೀಕ ಸರ್ವಿಸ್ ಕೇಂದ್ರದಲ್ಲಿ ತೆರಬೇಕಾದದ್ದು ಇದಕ್ಕಿಂತ ಬಹಳ ಹೆಚ್ಚು. 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಗೆ ಸಗಟು ದರದಲ್ಲಿಯೇ ಸುಮಾರು ಮೂರು ಲಕ್ಷ ರೂಪಾಯಿಯಾಗುತ್ತದೆ.

ನಿರ್ವಹಣೆಯಲ್ಲಿ ಉಳಿಯುವುದೇನು?

ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಘಟ್ಟದ ರಸ್ತೆಯಲ್ಲಿ ಕ್ಲಚ್ ಪ್ಲೇಟ್ ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ಬಲ್ಲ ಮಲೆನಾಡಿಗರಿಗೆ ಇದು ಸಣ್ಣ ಲಾಭವಲ್ಲ. ಇಳಿಜಾರಿನಲ್ಲಿ ಮೋಟಾರೇ ಜನರೇಟರಾಗಿ ಕೆಲಸ ಮಾಡಿ ಕಾರಿನ ವೇಗವನ್ನು ತಡೆಯುವುದರಿಂದ ಬ್ರೇಕ್ ಪ್ಯಾಡುಗಳು ದೀರ್ಘಕಾಲ ಬಾಳುತ್ತವೆ. ಜನರ ಸಹಿತ 1600 ಕಿಲೋ ತೂಗುವ ಕಾರು 500 ಮೀಟರ್ ಎತ್ತರ ಏರಲು ನಷ್ಟವೂ ಸೇರಿ ಸುಮಾರು ಎರಡೂವರೆ ಯೂನಿಟ್ ಹೆಚ್ಚುವರಿ ವಿದ್ಯುತ್ ಬೇಕು. ಇಳಿಯುವಾಗ ಅದರ ಒಂದು ಗಣನೀಯ ಪಾಲು ಬ್ಯಾಟರಿಗೆ ಮರಳುತ್ತದೆ. ಆದರೆ ಪೂರ್ತಿ ತುಂಬಿದ ಬ್ಯಾಟರಿ ಈ ವಿದ್ಯುತ್ತನ್ನು ಸ್ವೀಕರಿಸಲಾರದು. ಘಟ್ಟದ ಮೇಲೆ ಮನೆಯಿದ್ದು ಬೆಳಿಗ್ಗೆ ಕೆಳಗಿಳಿಯುವವರು 80-90 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವುದು ಬ್ರೇಕಿಗೂ ಬ್ಯಾಟರಿಗೂ ಹಿತ.

ಉಳಿಯದ ಖರ್ಚುಗಳೂ ಇವೆ. ಬ್ಯಾಟರಿಯ ಭಾರದಿಂದ ಟೈರು ಮತ್ತು ಸಸ್ಪೆನ್ಷನ್ ಹೆಚ್ಚು ಸವೆಯುತ್ತವೆ. ಬ್ರೇಕ್ ಆಯಿಲ್, ಕೂಲೆಂಟ್, ದೀಪಕ್ಕೂ ನಿಯಂತ್ರಣ ವ್ಯವಸ್ಥೆಗೂ ಬೇಕಾದ 12 ವೋಲ್ಟಿನ ಚಿಕ್ಕ ಬ್ಯಾಟರಿ ಎಂದಿನಂತೆ ಬದಲಾಗಬೇಕು. ದೊಡ್ಡ ಬ್ಯಾಟರಿ ಇರುವುದು ಕಾರಿನ ತಳದಲ್ಲಿ. ಮಳೆಗಾಲದಲ್ಲಿ ಕೊರೆದುಹೋದ ಮಣ್ಣು ರಸ್ತೆಯ ಕಲ್ಲು ಅದರ ಕವಚಕ್ಕೆ ಬಡಿದರೆ, ಅಂತಹ ಹಾನಿ ಸಾಮಾನ್ಯವಾಗಿ ಖಾತರಿಯೊಳಗೆ ಬಾರದು, ವಿಮೆಯೇ ಗತಿ. ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಕಾರಿನ ವೈರುಗಳನ್ನು ಇಲಿ ಕಡಿದರೆ ಊರಿನ ಮೆಕ್ಯಾನಿಕ್ ಕೈಹಾಕುವಂತಿಲ್ಲ. ಅಧಿಕ ವೋಲ್ಟೇಜಿನ ತಂತಿಗಳಿಗೆ ತರಬೇತಿ ಪಡೆದವರೇ ಬೇಕು. ಕೆಟ್ಟು ನಿಂತ ಕಾರನ್ನು ಜಿಲ್ಲಾ ಕೇಂದ್ರಕ್ಕೆ ಹೊತ್ತೊಯ್ಯುವ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವುಗಳ ಜೊತೆಗೆ ಮನೆಯ ಹಳೆಯ ವೈರಿಂಗ್ ಬದಲಿಸುವುದು, ಜಂಬಿಟ್ಟಿಗೆ ನೆಲದಲ್ಲಿ ಬೇಸಗೆಯಲ್ಲಿಯೂ ಕೆಲಸ ಮಾಡುವಂತಹ ಅರ್ತಿಂಗ್ ಹಾಕಿಸುವುದು, ಸಿಡಿಲಿನ ರಕ್ಷಣೆ ಮಾಡುವುದು ಆರಂಭದ ಖರ್ಚಿಗೆ ಸೇರುತ್ತವೆ.

ಓಡಿದಷ್ಟೇ ಉಳಿತಾಯ

ಒಂದು ಸರಳ ಲೆಕ್ಕ ನೋಡಬಹುದು. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಗುಡ್ಡದ ರಸ್ತೆಯಲ್ಲಿ ಲೀಟರಿಗೆ 15 ಕಿ.ಮೀ. ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 6 ರೂಪಾಯಿ 67 ಪೈಸೆ. ವಿದ್ಯುತ್ ತೆರಿಗೆ ಸಹಿತ ಯೂನಿಟ್ಟಿಗೆ 7 ರೂಪಾಯಿ, ಯೂನಿಟ್ಟಿಗೆ 6 ಕಿ.ಮೀ. ಎಂದರೆ ವಿದ್ಯುತ್ ಕಾರಿಗೆ 1 ರೂಪಾಯಿ 17 ಪೈಸೆ. ಸರ್ವಿಸಿನ ಉಳಿತಾಯ 50 ಪೈಸೆ ಸೇರಿಸಿದರೆ ಕಿಲೋಮೀಟರಿಗೆ ಒಟ್ಟು 6 ರೂಪಾಯಿ ಉಳಿಯುತ್ತದೆ. ಸಮಾನ ಗಾತ್ರದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿಗೆ 4 ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದರೆ, ಆ ಹಣ ಮರಳಲು ಸುಮಾರು 67,000 ಕಿ.ಮೀ. ಓಡಬೇಕು.

ತಿಂಗಳಿಗೆ 2000 ಕಿ.ಮೀ. ಓಡುವ ವಾಹನ ಮೂರು ವರ್ಷದೊಳಗೆ ಈ ಗಡಿ ದಾಟುತ್ತದೆ. ಖಾತರಿಯ 1,60,000 ಕಿ.ಮೀ. ಮುಗಿಯುವ ಹೊತ್ತಿಗೆ ಅದು 9 ಲಕ್ಷ 60 ಸಾವಿರ ರೂಪಾಯಿ ಉಳಿಸಿರುತ್ತದೆ. ಹೆಚ್ಚುವರಿ ಬೆಲೆ ಕಳೆದರೂ ಹೊಸ ಬ್ಯಾಟರಿಗೆ ಕೈಯಲ್ಲಿ ಹಣವಿರುತ್ತದೆ. ವಾರಕ್ಕೊಮ್ಮೆ ಪೇಟೆ, ತಿಂಗಳಿಗೊಮ್ಮೆ ಆಸ್ಪತ್ರೆ, ಆಗೊಮ್ಮೆ ಈಗೊಮ್ಮೆ ಮದುವೆ ಮುಂಜಿ ಎಂದು ತಿಂಗಳಿಗೆ 500 ಕಿ.ಮೀ. ಓಡುವ ಮನೆಯ ಕಾರಿಗಾದರೋ ಆ ಗಡಿ ತಲಪಲು 11 ವರ್ಷ ಬೇಕು. ಖಾತರಿ ಎಂಟನೆಯ ವರ್ಷಕ್ಕೇ ಮುಗಿದಿರುತ್ತದೆ. ಆಗ ಕಾರು ಓಡಿರುವುದು ಕೇವಲ 48,000 ಕಿ.ಮೀ. ಬ್ಯಾಟರಿ ಓಡಿದ ದೂರದಿಂದ ಮಾತ್ರ ಸವೆಯುವುದಿಲ್ಲ. ನಿಂತಲ್ಲಿಯೂ ವಯಸ್ಸಾಗುತ್ತದೆ, ಪೂರ್ತಿ ತುಂಬಿಸಿ ಸೆಕೆಯಲ್ಲಿ ನಿಲ್ಲಿಸಿದರೆ ಇನ್ನೂ ಬೇಗ. ಎಂಟು ವರ್ಷಕ್ಕೆ ಸರಿಯಾಗಿ ಬ್ಯಾಟರಿ ಸಾಯುತ್ತದೆಂದು ಇದರ ಅರ್ಥವಲ್ಲ. ಆದರೆ ಅಲ್ಲಿಂದ ಮುಂದಿನ ಹೊಣೆಯೆಲ್ಲ ಮಾಲೀಕನದು.

ಗೃಹಜ್ಯೋತಿಯ ಸಂಗತಿಯೂ ಇಲ್ಲಿ ಬರುತ್ತದೆ. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. 120 ಯೂನಿಟ್ ಬಳಸುವ ಮನೆಗೆ ಕಾರಿನ 85 ಯೂನಿಟ್ ಸೇರಿದರೆ 205. ಇದುವರೆಗೆ ಶೂನ್ಯವಿದ್ದ ಬಿಲ್ ಸುಮಾರು 1,435 ರೂಪಾಯಿಗೆ ಏರುತ್ತದೆ. ಅಂದರೆ ಕಾರಿನ ಖರ್ಚು ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆಯಿಂದ ಮೂರು ರೂಪಾಯಿಯ ಸಮೀಪಕ್ಕೆ ಹೋಗುತ್ತದೆ. ಕಾರಿಗೆಂದೇ ಪ್ರತ್ಯೇಕ ಮೀಟರ್ ಪಡೆಯುವ ಬಗೆಯನ್ನು ಕೊಳ್ಳುವ ಮೊದಲೇ ವಿದ್ಯುತ್ ಕಂಪನಿಯ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಹಳೆಯ ಕಾರು ಬರುವುದು ಹಳ್ಳಿಗೆ

ಇನ್ನೊಂದು ಅಪಾಯ ಹೆಚ್ಚು ಗಂಭೀರವಾದದ್ದು. ಹಳ್ಳಿಗಳಿಗೆ ಬರುವ ಕಾರು-ಜೀಪುಗಳಲ್ಲಿ ಅನೇಕವು ನಗರದಲ್ಲಿ ಓಡಿ ಹಳತಾದವು. ಪೆಟ್ರೋಲ್ ಎಂಜಿನನ್ನು ಊರಿನ ಮೆಕ್ಯಾನಿಕ್ ಬಿಚ್ಚಿ, ಬೋರ್ ಮಾಡಿಸಿ, ಇನ್ನೂ ಹತ್ತು ವರ್ಷ ಓಡಿಸಿಕೊಡುತ್ತಾನೆ. ಏಳು ವರ್ಷ ಓಡಿದ ವಿದ್ಯುತ್ ಕಾರು ಅಗ್ಗಕ್ಕೆ ಬಂದಾಗ ಅದರೊಂದಿಗೆ ಬರುವುದು ಒಂದೇ ವರ್ಷದ ಖಾತರಿ. 2025ರಲ್ಲಿ ಕೆಲವು ಕಂಪನಿಗಳು ಆಜೀವ ಬ್ಯಾಟರಿ ಖಾತರಿಯನ್ನು ಘೋಷಿಸಿದರೂ ಅದು ಮೊದಲ ಮಾಲೀಕನಿಗೆ ಮೀಸಲು. ಲಾಭದ ವರ್ಷಗಳು ನಗರಕ್ಕೆ, ಬ್ಯಾಟರಿ ಬದಲಿಸುವ ವರ್ಷ ಹಳ್ಳಿಗೆ ಎಂದಾದರೆ ಅದು ನ್ಯಾಯವೇ? ಸತ್ತ ಬ್ಯಾಟರಿಗಳು ಹೊಳೆಯಂಚಿನ ಗುಜರಿ ರಾಶಿಗೆ ಸೇರಿದರೆ ಆಗುವ ಹಾನಿ ಹಣದಲ್ಲಿ ಅಳೆಯುವಂಥದ್ದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಳಪಡಿಸುವ ಹೊಣೆಯನ್ನು ಉತ್ಪಾದಕರ ಮೇಲೆಯೇ ಹೊರಿಸಿವೆ. ಆ ಹೊಣೆ ತಾಲ್ಲೂಕು ಮಟ್ಟಕ್ಕೆ ಇಳಿದು ಬರಬೇಕೆಂದು ಜನ ಒತ್ತಾಯಿಸಬೇಕು.

ಮಾಡಬೇಕಾದದ್ದು

ವಿದ್ಯುತ್ ವಾಹನವನ್ನು ವಿರೋಧಿಸಲು ಕಾರಣವಿಲ್ಲ. ಹೊಗೆಯಿಲ್ಲದ ವಾಹನ ಕಾಡಿನ ನಡುವಿನ ರಸ್ತೆಗೆ ಬೇಕಾದದ್ದೇ. ಪ್ರಶ್ನೆ ಇರುವುದು ಅದನ್ನು ಯಾರು, ಎಷ್ಟು ಓಡಿಸಬೇಕು ಎಂಬಲ್ಲಿ. ಬ್ಯಾಟರಿ ತಯಾರಿಸುವಾಗ ಗಣಿಯಲ್ಲಿಯೂ ಕಾರ್ಖಾನೆಯಲ್ಲಿಯೂ ಪರಿಸರದ ಮೇಲೆ ಬಿದ್ದ ಹೊರೆ ತೀರುವುದೂ ಕಿಲೋಮೀಟರುಗಳಿಂದಲೇ. ಕೊಟ್ಟಿಗೆಯಲ್ಲಿ ನಿಂತ ಕಾರು ಮಾಲೀಕನ ಸಾಲವನ್ನೂ ತೀರಿಸದು, ಭೂಮಿಯ ಸಾಲವನ್ನೂ ತೀರಿಸದು. ಹಣದ ಲೆಕ್ಕ ಮತ್ತು ಪರಿಸರದ ಲೆಕ್ಕ ಇಲ್ಲಿ ಒಂದೇ ಉತ್ತರ ಕೊಡುತ್ತವೆ: ಹೆಚ್ಚು ಓಡುವ, ಹಂಚಿಕೊಂಡು ಬಳಸುವ ವಾಹನವೇ ಮೊದಲು ವಿದ್ಯುತ್ತಿಗೆ ಬದಲಾಗಬೇಕು.

ಮಲೆನಾಡಿನಲ್ಲಿ ಇದಕ್ಕೆ ನೆಲೆ ಸಿದ್ಧವಿದೆ. ಗೊಬ್ಬರ, ದಿನಸಿ, ಸಾಲ ಎಲ್ಲವನ್ನೂ ನಿಭಾಯಿಸಿದ ಸಹಕಾರ ಸಂಘಗಳು ಒಂದು ಪ್ರಯಾಣಿಕರ ವಾಹನ, ಹಾಲಿನ ಕ್ಯಾನು ಮತ್ತು ಅಡಿಕೆ ಮೂಟೆ ಸಾಗಿಸುವ ಒಂದು ಮೂರು ಚಕ್ರದ ಗಾಡಿ ಕೊಂಡು ಊರಿಗೆ ಒದಗಿಸಬಹುದು. ಕಿಲೋಮೀಟರಿಗೆ ಎರಡು ರೂಪಾಯಿಯಂತೆ ಬ್ಯಾಟರಿ ನಿಧಿಗೆ ಎತ್ತಿಟ್ಟರೆ 1,60,000 ಕಿ.ಮೀ.ಗೆ 3 ಲಕ್ಷ 20 ಸಾವಿರ ರೂಪಾಯಿ ಸೇರುತ್ತದೆ. ಓಡಲು ಸಾಲದಷ್ಟು ಸೋತ ಬ್ಯಾಟರಿಯನ್ನು ತಜ್ಞರಿಂದ ಪರೀಕ್ಷಿಸಿ, ಮಳೆಗಾಲದ ಕತ್ತಲೆಗೆ ಸಂಘದ ಕಟ್ಟಡಕ್ಕೆ ಬೆಳಕು ಕೊಡಲು ಬಳಸಬಹುದು. ಊರಿನ ಐಟಿಐ ಕಲಿತ ಯುವಕ ಯುವತಿಯರಿಗೆ ದುರಸ್ತಿಯ ತರಬೇತಿಯನ್ನೂ, ಕೆಟ್ಟ ಭಾಗವನ್ನಷ್ಟೇ ಬದಲಿಸುವ ಹಕ್ಕನ್ನೂ ಕಂಪನಿಗಳಿಂದ ಕೇಳಬೇಕು.

ಆದರೂ ಸ್ವಂತಕ್ಕೆ ಕೊಳ್ಳುವವರು ಅಂಗಡಿಯವನು ಕೊಡುವ ಮೈಲೇಜಿನ ಚೀಟಿಯನ್ನು ಬದಿಗಿಟ್ಟು ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಲಿ: ಬ್ಯಾಟರಿಯ ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಖಾತರಿ ಅನ್ವಯಿಸುತ್ತದೆ? ಕಾರು ಮಾರಿದರೆ ಖಾತರಿ ಉಳಿಯುತ್ತದೆಯೇ? ಖಾತರಿ ಮುಗಿದ ಮೇಲೆ ಬ್ಯಾಟರಿಯ ಬೆಲೆ ಎಷ್ಟು, ಹಳೆಯದನ್ನು ಒಯ್ಯುವವರು ಯಾರು? ಈ ಮೂರಕ್ಕೂ ಉತ್ತರ ಸಿಗದ ಕಡೆ ಮುಂಗಡ ಕೊಡದಿರುವುದೇ ವಿವೇಕ.